ಜಗಲಿಯ ಸೇವಂತಿಗೆ

ಬೆಳಗಿನ ಲಿಂಗಪೂಜೆಗೆ ಹೂ ಬೇಕು. ಈ 'ಬೇಕು' ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಆ ಹೂ ಎಲ್ಲಿಂದ ಬಂತು, ಯಾರ ಶ್ರಮದಿಂದ ಬಂತು ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ತಟ್ಟೆಯಲ್ಲಿ ಹೂವಿದ್ದರೆ ಕಣ್ಣಿಗೊತ್ತಿಕೊಂಡು ಏರಿಸುತ್ತೇವೆ. ಇಲ್ಲದಿದ್ದರೆ ಒಳಮನೆಯ ಕಡೆ ತಿರುಗಿ ಕೂಗುತ್ತೇವೆ. ಅರವತ್ತು ದಾಟಿದ ನಾವೂ ಕೆಲವು ವರ್ಷಗಳ ಹಿಂದಿನವರೆಗೆ ಹೀಗೆ ಕೂಗಿದವರೇ. ಈಗ ಕೂಗಿದರೆ ಓಗೊಡುವವರಿಲ್ಲ. ಆದುದರಿಂದ ಹೂವನ್ನು ನಾವೇ ಬೆಳೆಯಬೇಕಾಗಿ ಬಂತು. ಬೆಳೆಯಹೊರಟಾಗ ಕಲಿತ ಒಂದು ಪಾಠವನ್ನು ಪತ್ರಿಕೆಯ ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಂಜನಗೂಡು ತಾಲ್ಲೂಕಿನ ತಗಡೂರು ನಮ್ಮ ಊರು. ಸ್ವಾತಂತ್ರ್ಯ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರಿಂದಾಗಿ ನಾಡಿನ ಹಿರಿಯರು ಈ ಹೆಸರನ್ನು ಖಾದಿಯೊಡನೆ ನೆನೆಯುತ್ತಾರೆ. ನಮ್ಮದು ಹಳೆಯ ಹೆಂಚಿನ ಮನೆ. ಮುಂದೆ ಬೀದಿಗೆ ತೆರೆದ ಜಗಲಿ, ಹಿಂದೆ ಹಿತ್ತಲು. ಜಗಲಿಯ ಅಂಚಿನಲ್ಲಿ ಹದಿನಾಲ್ಕು ಮಣ್ಣಿನ ಹೂಕುಂಡಗಳು. ಅವುಗಳಲ್ಲಿರುವುದು ಸೇವಂತಿಗೆ, ಹೆಚ್ಚಿನವು ಹಳದಿ, ಮೂರು ಬಿಳಿ. ಕುಂಡಗಳು ನಮ್ಮ ಧರ್ಮಪತ್ನಿಯವರು ಇಟ್ಟುಹೋದವು.

ನಾವು ಎಂಟನೆಯ ವಯಸ್ಸಿನಲ್ಲಿ ಮಠದ ಪಾಠಶಾಲೆ ಸೇರಿದವರು. ಅಲ್ಲಿ ಅಕ್ಷರಾಭ್ಯಾಸಕ್ಕಿಂತ ಮೊದಲು ನಮಗೆ ದೊರೆತದ್ದು ಒಂದು ಬೆತ್ತದ ಬುಟ್ಟಿ. ಸೂರ್ಯೋದಯಕ್ಕೆ ಮುನ್ನ ಎದ್ದು ಮಿಂದು, ಮಠದ ತೋಟದಲ್ಲಿ ಪೂಜೆಗೆ ಹೂಪತ್ರೆ ಬಿಡಿಸಿ ತರುವುದು ಕಿರಿಯ ವಿದ್ಯಾರ್ಥಿಗಳ ಕೆಲಸ. ಕಣಗಿಲೆ, ನಂದಿಬಟ್ಟಲು, ದಾಸವಾಳ, ತುಂಬೆ, ಬಿಲ್ವಪತ್ರೆ. ಅದಕ್ಕೆ ನಮ್ಮ ಗುರುಗಳು ಹಾಕಿದ್ದ ನಿಯಮಗಳು ಮೂರು: ಮೊಗ್ಗನ್ನು ಕೀಳಬಾರದು, ರೆಂಬೆ ಮುರಿಯಬಾರದು, ಗಿಡವನ್ನು ಬರಿದು ಮಾಡಬಾರದು. ಒಮ್ಮೆ ಎಟುಕದ ಹೂವಿನಾಸೆಗೆ ಜಗ್ಗಿ ನಾವು ಕಣಗಿಲೆಯ ರೆಂಬೆಯೊಂದನ್ನು ಮುರಿದೆವು. ಗುರುಗಳು ಬೈಯಲಿಲ್ಲ, ಹೊಡೆಯಲಿಲ್ಲ; ಒಂದು ತಿಂಗಳು ಆ ಗಿಡಕ್ಕೆ ದಿನಾಲೂ ಎರಡು ಕೊಡ ನೀರೆರೆಯಲು ಹೇಳಿದರು. ಅಂದಿನಿಂದ ಹಸಿರಿನ ಮೇಲೆ ಉಗುರಿಡಲು ನಮ್ಮ ಕೈ ಹಿಂಜರಿಯುತ್ತಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೂಗಾರ ಮಾದಯ್ಯ ಎಂಬ ಶರಣರು ಶರಣರ ಮನೆಗಳಿಗೆ ಪೂಜೆಯ ಹೂಪತ್ರೆ ಒದಗಿಸುವುದನ್ನೇ ಕಾಯಕವಾಗಿ ನಡೆಸಿದರೆಂಬುದನ್ನು ಓದುಗರು ಬಲ್ಲರು. ಅವರ ಕಥೆಯನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಹೇಳುವಾಗಲೆಲ್ಲ ಕಾಯಕದ ಹಿರಿಮೆಯನ್ನು ವಿವರಿಸಿದ್ದೇವೆಯೇ ಹೊರತು, ಅವರ ಉಗುರಿನ ಸಂದಿಯಲ್ಲಿ ಮಣ್ಣಿದ್ದಿರಬೇಕೆಂದು ಎಂದೂ ಯೋಚಿಸಿರಲಿಲ್ಲ. ಹೂ ಬಿಡಿಸುವುದನ್ನು ಮಠದಲ್ಲಿ ಕಲಿತೆವು, ಹೂವಿನ ವಿಷಯ ಮಾತನಾಡುವುದನ್ನು ಗ್ರಂಥಗಳಿಂದ ಕಲಿತೆವು. ಹೂ ಬೆಳೆಯುವುದನ್ನು ಮಾತ್ರ ಕಲಿಯಲಿಲ್ಲ.

ಪಂಡಿತರ ಚಪಲವೊಂದಿದೆ. ಯಾವ ವಸ್ತು ಕಂಡರೂ ಅದರ ಹೆಸರಿನ ಬೆನ್ನು ಹತ್ತುವುದು. ಸೇವಂತಿಗೆ ಸಂಸ್ಕೃತದಲ್ಲಿ ಸೇವಂತಿಕಾ. ಪುಷ್ಪಾಂಜಲಿಯ ವೇಳೆ ನಾಡಿನಲ್ಲೆಲ್ಲ ಹೇಳುವ ಪ್ರಸಿದ್ಧ ಶ್ಲೋಕವೊಂದು ಈ ಹೆಸರಿನಿಂದಲೇ ಮೊದಲಾಗುತ್ತದೆ. ಚೊಕ್ಕನಾಥ ಕವಿಯ 'ಸೇವಂತಿಕಾಪರಿಣಯ' ಎಂಬ ಸಂಸ್ಕೃತ ನಾಟಕದ ನಾಯಿಕೆಯ ಹೆಸರೂ ಇದೇ. ಅದರ ನಾಯಕ ನಮ್ಮ ಕೆಳದಿಯ ಅರಸು ಬಸವರಾಜ. ಇಂದು ನಾವು ಕುಂಡದಲ್ಲಿ ಬೆಳೆಯುವ ಈ ಹೂವಿನ ತವರು ಚೀನ ದೇಶ. ಸುಮಾರು 1,600 ವರ್ಷಗಳ ಹಿಂದೆ ಅಲ್ಲಿದ್ದ ತಾವೊ ಯುವಾನ್‌ಮಿಂಗ್ ಎಂಬ ಕವಿ ಅಧಿಕಾರವನ್ನು ತೊರೆದು ಹಳ್ಳಿಗೆ ಮರಳಿದವನು. ಅವನ ಹೆಸರು ಬಂದಲ್ಲೆಲ್ಲ ಚೀನೀಯರಿಗೆ ಸೇವಂತಿಗೆ ನೆನಪಾಗುತ್ತದೆ. ಜಪಾನಿನ ಚಕ್ರವರ್ತಿಯ ಲಾಂಛನ ಹದಿನಾರು ಎಸಳಿನ ಸೇವಂತಿಗೆ. ಯೂರೋಪಿನ ಸಸ್ಯಶಾಸ್ತ್ರಜ್ಞರು ಇದನ್ನು ಕ್ರೈಸಾಂಥಿಮಮ್ ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ಹೊನ್ನಿನ ಹೂ ಎಂದು ಅದರರ್ಥ. ಸೂರ್ಯಕಾಂತಿ, ಚೆಂಡುಹೂಗಳ ಕುಲಕ್ಕೆ ಸೇರಿದ ಈ ಸಸ್ಯದಲ್ಲಿ ನಾವು ಒಂದು ಹೂವೆಂದು ಎಣಿಸುವುದು ವಾಸ್ತವವಾಗಿ ಒಂದೇ ತೊಟ್ಟಿನ ಮೇಲೆ ನೆರೆದ ಹಲವಾರು ಕಿರುಹೂಗಳ ಸಮೂಹ.

ಇವನ್ನೆಲ್ಲ ಒಂದು ಸಂಜೆ ಜಗಲಿಯಲ್ಲಿ ಕುಳಿತು ನಮ್ಮ ಮನೆಯವರಿಗೆ ಸವಿಸ್ತಾರವಾಗಿ ಹೇಳಿದೆವು. ಅವರು ಕುಂಡದ ಕಳೆ ಕೀಳುತ್ತ ಪೂರ್ತಿ ಕೇಳಿದರು. ಕೊನೆಗೆ, "ಇಷ್ಟೆಲ್ಲ ಗೊತ್ತಿರುವವರು ಆ ಕೊನೆಯ ಎರಡು ಕುಂಡಕ್ಕೆ ನೀರು ಹಾಕಿ ಬನ್ನಿ, ಪುಣ್ಯ ಬರುತ್ತದೆ" ಎಂದರು. ನಾವು ತಂಬಿಗೆ ಹಿಡಿದು ಎದ್ದೆವು. ನಮ್ಮ ಪಾಲಿನ ತೋಟಗಾರಿಕೆ ಅಷ್ಟಕ್ಕೇ ಮುಗಿಯುತ್ತಿತ್ತು.

ಅವರ ಕ್ರಮ ಹೀಗಿತ್ತು. ಶಿವರಾತ್ರಿಗೆ ಮುನ್ನ, ಹೂ ಮುಗಿದ ಗಿಡಗಳನ್ನು ಮಣ್ಣಿನಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿಬಿಡುವರು. ಒಣಗಿತೆಂದು ನಾವು ತಿಳಿದ ಬುಡದಿಂದ ಕೆಲವೇ ದಿನಗಳಲ್ಲಿ ಸುತ್ತಲೂ ಕಂದುಗಳು ಏಳುತ್ತಿದ್ದವು. ಯುಗಾದಿಯ ಆಸುಪಾಸಿನಲ್ಲಿ ಆ ಕಂದುಗಳನ್ನು ಬೇರುಸಹಿತ ಬಿಡಿಸಿ ಸಣ್ಣ ಕುಂಡಗಳಿಗೆ ಹಾಕಿ, ಬೇಸಿಗೆಯ ಬಿಸಿಲು ತಾಗದಂತೆ ಹಿತ್ತಲಿನ ನೆರಳಲ್ಲಿ ಕಾಪಾಡುವರು. ಮುಂಗಾರು ಹಿಡಿದ ಮೇಲೆ ಅವುಗಳ ತುದಿಯಿಂದ ನಾಲ್ಕು ಬೆರಳುದ್ದದ ಕುಡಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ನೆಡುವರು. ಎರಡು ಮೂರು ವಾರದಲ್ಲಿ ಬೇರು ಬರುತ್ತಿತ್ತು. ಆಮೇಲೆ ನಾಲ್ಕಂಗುಲದ ಕುಂಡ, ಅಲ್ಲಿಂದ ಆರಂಗುಲದ ಕುಂಡ, ಶ್ರಾವಣದಲ್ಲಿ ಹತ್ತಂಗುಲದ ಕುಂಡ. ಮೊದಲೇ ದೊಡ್ಡ ಕುಂಡಕ್ಕೆ ಏಕೆ ಹಾಕಬಾರದೆಂದು ಕೇಳಿದ್ದೆವು. "ಮಗುವಿಗೆ ಅಪ್ಪನ ಅಂಗಿ ತೊಡಿಸಿದರೆ ಆಗುತ್ತದೆಯೇ?" ಎಂದಿದ್ದರು.

ಮಣ್ಣಿನ ಹದವೂ ಸರಳ. ಒಂದು ಪಾಲು ಹೊಲದ ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಕುಂಡದ ತಳದ ತೂತಿನ ಮೇಲೆ ಒಡೆದ ಮಡಕೆಯ ಬೋಕಿಯನ್ನು ಮಗುಚಿ ಇಡಬೇಕು. ನೀರು ಹೋಗಬೇಕು, ಮಣ್ಣು ಹೋಗಬಾರದು. ಸೇವಂತಿಗೆಯ ಬೇರು ಆಳಕ್ಕಿಳಿಯದೆ ಮೇಲುಮೇಲೆ ಹರಡುವುದರಿಂದ ಅದಕ್ಕೆ ಬಾಯಾರಿಕೆಯೂ ಬೇಗ, ನೀರು ನಿಂತರೆ ಕೊಳೆಯುವುದೂ ಬೇಗ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ತೇವವಿಲ್ಲದಿದ್ದರೆ ಮಾತ್ರ ಬುಡಕ್ಕೆ ನೀರೆರೆಯಬೇಕು. ಎಲೆಯ ಮೇಲೆ ಸುರಿದರೆ ರೋಗ ಬರುತ್ತದೆ. ವಾರಕ್ಕೊಮ್ಮೆ ತೆಳ್ಳಗೆ ಕದಡಿದ ಸಗಣಿಯ ಬಗ್ಗಡ. ಮೊಗ್ಗು ಬಣ್ಣ ತೋರಿದ ಮೇಲೆ ಅದೂ ನಿಲ್ಲಬೇಕು. ಕುಡಿಗೆ ಹೇನು ಕಟ್ಟಿದರೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸಬೇಕು. ಗಿಡ ಬಾಗದಂತೆ ಬಿದಿರಿನ ಸೀಳುಗಳನ್ನು ನೆಟ್ಟು ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕುಡಿ ಚಿವುಟುವುದು. ಗಿಡ ಒಂದು ಗೇಣು ಬೆಳೆದಾಗ ತುದಿಯನ್ನು ಚಿವುಟಿದರೆ ಪಕ್ಕದಿಂದ ಮೂರು ನಾಲ್ಕು ಕವಲೊಡೆಯುತ್ತದೆ. ತಿಂಗಳ ನಂತರ ಆ ಕವಲುಗಳ ತುದಿಯನ್ನೂ ಚಿವುಟಬೇಕು. ಗೌರಿ ಹಬ್ಬದ ಹೊತ್ತಿಗೆ ಇದು ಮುಗಿಯಬೇಕು. ಆಮೇಲೆ ಚಿವುಟಿದರೆ ಹೂ ತಡವಾಗುತ್ತದೆ. ಮೊದಲ ಸಲ ಅವರು ನಮ್ಮ ಕಣ್ಣೆದುರೇ ಎಳೆಯ ಕುಡಿಗಳನ್ನು ಪಟಪಟನೆ ಚಿವುಟಿ ಎಸೆಯುವುದನ್ನು ಕಂಡು, ಮಠದ ಕಣಗಿಲೆ ನೆನಪಾಗಿ, ನಾವು ಮುಖ ತಿರುಗಿಸಿಕೊಂಡೆವು. "ಒಂದು ಕುಡಿ ಹೋದ ಕಡೆ ನಾಲ್ಕು ಬರುತ್ತದೆ. ಎರಡು ತಿಂಗಳು ಸುಮ್ಮನಿದ್ದು ನೋಡಿ" ಎಂದರು. ಕಾರ್ತಿಕದಲ್ಲಿ ಆ ಗಿಡದ ತುಂಬ ಹೂ.

ರಾತ್ರಿ ಊಟವಾಗಿ ಅಡುಗೆಮನೆ ತೊಳೆದಾದ ಮೇಲೆ ಜಗಲಿಗೆ ಬಂದು ದೀಪ ಆರಿಸಿ ಬಾಗಿಲ ಅಗುಳಿ ಹಾಕುವುದು ಅವರ ದಿನದ ಕಡೆಯ ಕೆಲಸ. ನಾವು ಪುಸ್ತಕ ಹಿಡಿದು ಅಲ್ಲೇ ಕುಳಿತಿದ್ದರೆ, "ಒಳಗೆ ಬಂದು ಓದಿಕೊಳ್ಳಿ. ಗಿಡಗಳೂ ಮಲಗಲಿ" ಎನ್ನುತ್ತಿದ್ದರು. ಹೆಂಗಸರ ಅಕ್ಕರೆಯ ಮಾತೆಂದು ನಾವು ನಕ್ಕು ಒಳಗೆ ಹೋಗುತ್ತಿದ್ದೆವು.

2022ರ ಕಾರ್ತಿಕ ಮಾಸದಲ್ಲಿ ಅವರು ಲಿಂಗೈಕ್ಯರಾದರು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ. ಜಗಲಿಯಲ್ಲಿ ಸೇವಂತಿಗೆ ತುಂಬಿ ನಿಂತಿತ್ತು. ನೆರೆಯ ಹೆಣ್ಣುಮಕ್ಕಳು ಅದನ್ನೆಲ್ಲ ಬಿಡಿಸಿ ಮಾಲೆ ಕಟ್ಟಿದರು. ವಿಮಾನಕ್ಕೆ ಕಟ್ಟಿದ ಹೂವಿನಲ್ಲಿ ಅರ್ಧ ಅವರೇ ಬೆಳೆದದ್ದು. ಗಿಡ ಬರಿದು ಮಾಡಬಾರದೆಂಬ ಗುರುಗಳ ನಿಯಮ ಅಂದು ಮುರಿಯಿತು. ನಾವು ಬೇಡವೆನ್ನಲಿಲ್ಲ.

ಶಿವಗಣಾರಾಧನೆ ಮುಗಿದು ನೆಂಟರಿಷ್ಟರು ತಮ್ಮ ತಮ್ಮ ಊರಿಗೆ ಹೊರಟರು. ಮಗ ಸೊಸೆ ಬೆಂಗಳೂರಿನವರು, ಅವರಿಗೂ ನೌಕರಿ. ಎಲ್ಲರೂ ಹೋದ ರಾತ್ರಿ ನಾವು ಜಗಲಿಯ ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆವು. ಆ ಕೆಲಸ ನಮ್ಮದಲ್ಲ. ನಲವತ್ತು ವರ್ಷಗಳಲ್ಲಿ ಒಂದು ದಿನವೂ ನಮ್ಮದಾಗಿರಲಿಲ್ಲ. ಅದನ್ನು ನಾವು ಆರಿಸಿದರೆ, ಆರಿಸುವವರು ಬೇರೆ ಇಲ್ಲವೆಂದು ಒಪ್ಪಿಕೊಂಡಂತೆ. ಬೆರಳು ತೆಗೆದು, ದೀಪವನ್ನು ಹಾಗೆಯೇ ಬಿಟ್ಟು ಒಳಗೆ ಬಂದೆವು.

ಮರುದಿನವೂ ಹಾಗೆಯೇ. ಮುಂದೆ ಅದೇ ಅಭ್ಯಾಸವಾಯಿತು. ಮುಂದಿನ ತಿಂಗಳು ಬಂದ ಮಗ, ರಾತ್ರಿಯೆಲ್ಲ ದೀಪ ಉರಿಯುವುದನ್ನು ಕಂಡು, ನಮಗೆ ಕಳ್ಳಕಾಕರ ಭಯವೆಂದು ತಿಳಿದ. "ಅಪ್ಪಾಜಿ, ಒಬ್ಬರೇ ಇರುತ್ತೀರಿ. ಬೆಳಕು ಚೆನ್ನಾಗಿರಲಿ" ಎಂದು ಮಂಕು ಬಲ್ಬನ್ನು ತೆಗೆದು ಪ್ರಖರವಾದ ಎಲ್‌ಇಡಿ ಹಾಕಿದ. ನಾವು ಅವನ ತಿಳಿವಳಿಕೆಯನ್ನು ತಿದ್ದಲಿಲ್ಲ. ಮಕ್ಕಳ ಮುಂದೆ ಕಳ್ಳರ ಭಯವನ್ನು ಒಪ್ಪಿಕೊಳ್ಳುವುದು ಸುಲಭ. 2023ರಲ್ಲಿ ಸರಕಾರದ ಗೃಹಜ್ಯೋತಿ ಯೋಜನೆ ಬಂದು ಮನೆಬಳಕೆಯ ವಿದ್ಯುತ್ತಿಗೆ ಹಣ ಕೊಡುವುದೂ ತಪ್ಪಿತು. ದೀಪವೇಕೆ ಉರಿಯುತ್ತಿದೆಯೆಂದು ಕೇಳಲು ಇದ್ದ ಕಡೆಯ ಕಾರಣವೂ ಹೋಯಿತು.

ಆ ವರ್ಷ ನಾವು ಒಂದು ಸಂಕಲ್ಪ ಮಾಡಿದೆವು. ವರ್ಷದ ಪುಣ್ಯಸ್ಮರಣೆಯ ದಿನ ಅವರ ಸಮಾಧಿಗೆ ಅವರದೇ ಗಿಡದ ಹೂವನ್ನು ಏರಿಸಬೇಕು. ನೆನಪಿನಲ್ಲಿದ್ದ ಕ್ರಮವನ್ನು ಅಕ್ಷರಶಃ ಪಾಲಿಸಿದೆವು. ಶಿವರಾತ್ರಿಗೆ ಮುನ್ನ ಕತ್ತರಿಸಿದೆವು, ಯುಗಾದಿಗೆ ಕಂದು ಬಿಡಿಸಿದೆವು, ಮುಂಗಾರಿನಲ್ಲಿ ಕುಡಿ ನೆಟ್ಟೆವು. ಕುಡಿ ಚಿವುಟುವ ದಿನ ಕೈ ನಡುಗಿತು, ಆದರೂ ಚಿವುಟಿದೆವು. ಗಿಡಗಳು ಮೊಳಕಾಲೆತ್ತರ ಬೆಳೆದು, ಎಲೆಗಳು ಅಂಗೈಯಷ್ಟಗಲವಾಗಿ ಕಡುಹಸಿರಾದವು. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೊಗಳಿದರು. ಭಾದ್ರಪದದಲ್ಲಿ ಒಂದು ಗಿಡದ ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕೆ ಕಂಡಿತು. ಉಳಿದವಕ್ಕೆ ಅಂಟೀತೆಂದು ಆ ಕುಂಡವನ್ನು ಹಿತ್ತಲಿನ ಬಚ್ಚಲ ಗೋಡೆಯ ಪಕ್ಕಕ್ಕೆ ಸಾಗಿಸಿ ಮರೆತುಬಿಟ್ಟೆವು.

ನವರಾತ್ರಿ ಕಳೆಯಿತು, ಮೊಗ್ಗಿಲ್ಲ. ದೀಪಾವಳಿ ಕಳೆಯಿತು; ಮೊಗ್ಗಿಲ್ಲ. ನಂಜನಗೂಡಿನ ಪೇಟೆಯಲ್ಲಿ ಗಾಡಿಗಟ್ಟಲೆ ಸೇವಂತಿಗೆ. ಊರಿನ ಇತರ ಅಂಗಳಗಳಲ್ಲಿ, ಯಾರೂ ಲಕ್ಷ್ಯವಿಡದ ಡಬ್ಬಗಳಲ್ಲಿ ಕೂಡ ಹಳದಿ ಹೂ. ನಮ್ಮ ಹದಿಮೂರು ಕುಂಡಗಳಲ್ಲಿ ಎಲೆಯ ಮೇಲೆ ಎಲೆ. ಬಗ್ಗಡವನ್ನು ಎರಡರಷ್ಟು ಮಾಡಿದೆವು. ಒಬ್ಬರು ಹೇಳಿದರೆಂದು ರಸಗೊಬ್ಬರದ ಕಾಳನ್ನೂ ಹಾಕಿದೆವು. ಎಲೆ ಇನ್ನಷ್ಟು ದಪ್ಪನಾಯಿತು. ಸಂತೈಸಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಅಮ್ಮನವರ ಕೈಗುಣವೇ ಬೇರೆ." ಕೇಳಿ ಕೇಳಿ ನಾವೂ ಅದನ್ನು ನಂಬಿದೆವು. ಹೂ ಅವರೊಂದಿಗೇ ಹೋಯಿತು, ಇನ್ನು ಈ ಮನೆಯಲ್ಲಿ ಅರಳುವುದಿಲ್ಲ ಎಂದುಕೊಂಡೆವು. ಅದರಲ್ಲಿ ದುಃಖದ ಜೊತೆಗೆ ಒಂದು ಬಗೆಯ ಸಮಾಧಾನವೂ ಇತ್ತೆಂಬುದನ್ನು ಮರೆಮಾಚಬಾರದು. ಗಿಡಗಳೂ ನಮ್ಮಂತೆಯೇ ಶೋಕಿಸುತ್ತಿವೆಯೆಂದು ತಿಳಿಯುವುದು ದುಃಖಿತನಿಗೆ ಹಿತವೇ.

ಪುಣ್ಯಸ್ಮರಣೆಯ ದಿನ ನಂಜನಗೂಡಿನಿಂದ ನಾಲ್ಕು ಮಾರು ಸೇವಂತಿಗೆ ತರಿಸಿದೆವು. ಪೂಜೆ, ಪ್ರಸಾದ ಎಲ್ಲವೂ ನಡೆಯಿತು. ಮಧ್ಯಾಹ್ನ, ನಾವು ಪ್ರೌಢಶಾಲೆಯಲ್ಲಿ ಪಾಠ ಹೇಳಿದ್ದ ಹಳೆಯ ಶಿಷ್ಯರೊಬ್ಬರು ಜಗಲಿಯಲ್ಲಿ ಕುಳಿತರು. ಗುಂಡ್ಲುಪೇಟೆಯ ಕಡೆ ಹೂವಿನ ಬೇಸಾಯ ಮಾಡುವವರು. ಸಂಸ್ಕೃತದ ಶಬ್ದರೂಪಗಳು ಅವರಿಗೆ ಎಂದೂ ಬಾಯಿಗೆ ಬಂದದ್ದಿಲ್ಲ. ಅದಕ್ಕಾಗಿ ನಮ್ಮಿಂದ ಬೈಸಿಕೊಂಡದ್ದೂ ಉಂಟು. ಅವರು ಕುಂಡಗಳನ್ನು ಒಂದೊಂದಾಗಿ ನೋಡಿದರು, ಎಲೆ ಮಗುಚಿದರು, ಕುಡಿಯನ್ನು ಬೆರಳಲ್ಲಿ ಹಿಸುಕಿದರು, ಕೊನೆಗೆ ತಲೆಯೆತ್ತಿ ತೊಲೆಯ ಕೆಳಗಿನ ಬಲ್ಬನ್ನು ನೋಡಿದರು.

"ಮೇಷ್ಟ್ರೇ, ರಾತ್ರಿ ಈ ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ?"

"ಬೆಳಗಾಗುವವರೆಗೆ."

ಅವರು ಮೆಲ್ಲನೆ ನಕ್ಕರು. "ಹಾಗಾದರೆ ಇವಕ್ಕೆ ರಾತ್ರಿಯೇ ಆಗಿಲ್ಲವಲ್ಲ! ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗಿ ನೋಡಬೇಕು ನೀವು. ಸೇವಂತಿಗೆ ಹೊಲದ ತುಂಬ ಸಾಲುಸಾಲು ಬಲ್ಬು ಕಟ್ಟಿರುತ್ತಾರೆ, ಜಾತ್ರೆಯ ಹಾಗೆ. ಬೆಳಕಿದ್ದರೆ ಗಿಡ ಬರೀ ಬೆಳೆಯುತ್ತದೆ, ಮೊಗ್ಗು ಕಟ್ಟುವುದಿಲ್ಲ. ಗಿಡ ಸಾಕಷ್ಟು ಎತ್ತರವಾದ ಮೇಲೆ, ಹಬ್ಬದ ದಿನ ಲೆಕ್ಕ ಹಾಕಿ ದೀಪ ಆರಿಸುತ್ತಾರೆ. ಆಮೇಲೆ ಹೂ. ಅವರು ದುಡ್ಡು ಸುರಿದು ಮಾಡುವುದನ್ನು ನೀವು ತಿಳಿಯದೆ ಮಾಡಿದ್ದೀರಿ."

ನಮಗೆ ನಂಬಿಕೆ ಬರಲಿಲ್ಲ. ದೀಪದಿಂದ ಹೂ ನಿಲ್ಲುವುದೇ? ಅವರು, "ದೀಪ ಬೀಳದ ಜಾಗದಲ್ಲಿ ಒಂದಾದರೂ ಗಿಡ ಇದೆಯೇ?" ಎಂದು ಕೇಳಿದರು. ಆಗ ಬಚ್ಚಲ ಗೋಡೆಯ ಪಕ್ಕದ ಕುಂಡ ನೆನಪಾಯಿತು. ಇಬ್ಬರೂ ಹಿತ್ತಲಿಗೆ ನಡೆದೆವು.

ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು ಚೆಲ್ಲಿದ ನೀರು ಕುಡಿದು, ಎರಡು ಸೀಳು ಬಿದಿರಿನ ಆಸರೆಯೂ ಇಲ್ಲದೆ, ಒಂದು ಕಡೆ ವಾಲಿಕೊಂಡು ಆ ರೋಗಿಷ್ಠ ಗಿಡ ನಿಂತಿತ್ತು. ಕೆಳಗಿನ ಎಲೆಗಳೆಲ್ಲ ಒಣಗಿದ್ದವು. ಅದರ ತಲೆಯ ಮೇಲೆ ಏಳು ಹಳದಿ ಹೂ.

ನಾವು ಬಹಳ ಹೊತ್ತು ಮಾತನಾಡಲಿಲ್ಲ. ನಾಲ್ಕು ಮಾರು ಹೂವನ್ನು ಪೇಟೆಯಿಂದ ಕೊಂಡು ತಂದ ಬೆಳಿಗ್ಗೆ, ಅವರ ಗಿಡದ ಹೂ ಇಪ್ಪತ್ತು ಹೆಜ್ಜೆ ದೂರದಲ್ಲಿ ಅರಳಿ ನಿಂತಿತ್ತು. ಏಳರಲ್ಲಿ ಐದನ್ನು ಬಿಡಿಸಿ, ಎರಡನ್ನು ಗಿಡಕ್ಕೆ ಬಿಟ್ಟು, ಸಂಜೆ ಹೊಲಕ್ಕೆ ಹೋಗಿ ಸಮಾಧಿಗೆ ಏರಿಸಿ ಬಂದೆವು.

ಆಮೇಲೆ ಈ ವಿಷಯವನ್ನು ಗ್ರಂಥಗಳಲ್ಲಿ ಹುಡುಕಿ ಓದಿದೆವು, ಅಭ್ಯಾಸಬಲ ಬಿಡುವುದಿಲ್ಲವಷ್ಟೆ. ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1920ರಲ್ಲಿ ಇದರ ಮೂಲತತ್ತ್ವವನ್ನು ಪ್ರಕಟಿಸಿದರು. ಬೇಸಿಗೆಯಲ್ಲಿ ಎಷ್ಟು ಬೆಳೆದರೂ ಹೂ ಬಿಡದ ಒಂದು ತಂಬಾಕಿನ ತಳಿಯನ್ನು ಸಂಜೆಯೇ ಕತ್ತಲೆಯ ಕೋಣೆಗೆ ಸಾಗಿಸಿದಾಗ ಅದು ಹೂ ಬಿಟ್ಟಿತು. ಹಗಲು ರಾತ್ರಿಗಳ ಅಳತೆಯನ್ನು ಗಿಡ ಎಣಿಸುತ್ತದೆಂದು ಆಗ ತಿಳಿಯಿತು. ರಷ್ಯದ ಚೈಲಖ್ಯಾನ್ ಎಂಬುವರು ಸೇವಂತಿಗೆಯ ಮೇಲೆಯೇ ಪ್ರಯೋಗ ನಡೆಸಿ, ಈ ಎಣಿಕೆ ನಡೆಯುವುದು ಎಲೆಯಲ್ಲಿ, ಅಲ್ಲಿಂದ ಕುಡಿಗೆ ಸಂದೇಶ ಹೋಗುತ್ತದೆ ಎಂದು 1937ರ ವೇಳೆಗೆ ವಾದಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಮರುಳುಮತ್ತಿ ಜಾತಿಯ ಗಿಡದ ಮೇಲೆ ತೋರಿಸಿದ ಸಂಗತಿ ಇನ್ನೂ ಸೋಜಿಗದ್ದು: ಇಂಥ ಗಿಡ ಎಣಿಸುವುದು ಹಗಲನ್ನಲ್ಲ, ರಾತ್ರಿಯನ್ನು. ಕತ್ತಲೆ ದೀರ್ಘವಾಗಿರಬೇಕು, ಅಖಂಡವಾಗಿಯೂ ಇರಬೇಕು. ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಆ ರಾತ್ರಿ ಲೆಕ್ಕಕ್ಕಿಲ್ಲ.

ನಮ್ಮ ಮೈಸೂರು ಸೀಮೆಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಾವು ಅದನ್ನು ಗಮನಿಸುವುದೇ ಇಲ್ಲ, ಸೇವಂತಿಗೆ ಗಮನಿಸುತ್ತದೆ. ದಕ್ಷಿಣಾಯನದ ರಾತ್ರಿಗಳು ಬೆಳೆದಂತೆ ಅದು ಎಲೆಯ ಕೆಲಸ ನಿಲ್ಲಿಸಿ ಹೂವಿನ ಕೆಲಸಕ್ಕೆ ತೊಡಗುತ್ತದೆ. 'ಗಿಡಗಳೂ ಮಲಗಲಿ' ಎಂದವರು ಈ ಯಾವ ಗ್ರಂಥವನ್ನೂ ಓದಿರಲಿಲ್ಲ. ಯಾರಿಂದ ಕಲಿತರೆಂದು ಕೇಳಿಕೊಳ್ಳುವ ಸೌಜನ್ಯವೂ ನಮಗಿರಲಿಲ್ಲ.

ಪುಣ್ಯಸ್ಮರಣೆಯ ಆ ರಾತ್ರಿಗೆ ಮರಳುತ್ತೇವೆ. ಎಲ್ಲರೂ ಮಲಗಿದ ಮೇಲೆ ಜಗಲಿಗೆ ಬಂದು ಸ್ವಿಚ್ಚಿನ ಮೇಲೆ ಬೆರಳಿಟ್ಟೆವು. ಹಿಂದಿನ ವರ್ಷ ತೆಗೆದಿದ್ದ ಬೆರಳು. ಈ ಸಲ ಒತ್ತಿದೆವು. ಒಮ್ಮೆಲೇ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಂಬದ ಗೆರೆ ಮೂಡಿತು, ಆಮೇಲೆ ಕುಂಡಗಳ ಸಾಲು, ಎದುರು ಮನೆಯ ಹೆಂಚು, ಅದರ ಮೇಲೆ ನಕ್ಷತ್ರಗಳು. ಒಂದು ವರ್ಷದಿಂದ ನಮ್ಮ ಜಗಲಿಯಿಂದ ಆಕಾಶ ಕಂಡಿರಲಿಲ್ಲ. ಸೇ­ವಂತಿಗೆಯ ಎಲೆಯ ಒಗರು ವಾಸನೆ ಕತ್ತಲೆಯಲ್ಲಿ ಹೆಚ್ಚಾಗಿ ತಿಳಿಯಿತು. ಆ ಮಾತು ಹೇಳುವವರು ಇರಲಿಲ್ಲವಾದುದರಿಂದ ನಾವೇ ಹೇಳಿದೆವು: "ಗಿಡಗಳೂ ಮಲಗಲಿ." ಹೇಳಿ, ಅಲ್ಲಿಯೇ ಕುಳಿತು, ಆ ಒಂದು ವರ್ಷದಲ್ಲಿ ಮೊದಲ ಬಾರಿಗೆ ಮನಸಾರ ಅತ್ತೆವು.

ಒಂದು ತಿಂಗಳಿಗೆ ಕುಡಿಗಳ ತುದಿಯಲ್ಲಿ ಮೆಣಸುಕಾಳಿನಂಥ ಮೊಗ್ಗುಗಳು ಕಂಡವು. ಸುತ್ತೂರು ಜಾತ್ರೆಯ ಹೊತ್ತಿಗೆ, 2024ರ ಫೆಬ್ರುವರಿಯಲ್ಲಿ, ಹದಿಮೂರು ಕುಂಡಗಳೂ ಅರಳಿದವು. ಅದು ಹಬ್ಬದ ದಿನವಲ್ಲ, ಸ್ಮರಣೆಯ ದಿನವೂ ಅಲ್ಲ. ನಾವು ಗೊತ್ತುಮಾಡಿದ ತಿಥಿಗೆ ಹೂ ಬರಲಿಲ್ಲ. ಕತ್ತಲೆಯ ಲೆಕ್ಕ ಮುಗಿದ ದಿನ ಬಂತು. ಬುಟ್ಟಿ ಹಿಡಿದು ಬಿಡಿಸಿದೆವು, ಪ್ರತಿ ಗಿಡದಲ್ಲೂ ಕೆಲವನ್ನು ಉಳಿಸಿದೆವು. ಅಂದಿನ ಲಿಂಗಪೂಜೆಗೆ ನಾವು ಯಾರನ್ನೂ ಕೂಗಲಿಲ್ಲ.

ಕಾರ್ತಿಕ ದೀಪಗಳ ಮಾಸ. ಮನೆಮನೆಯ ಹೊಸ್ತಿಲಲ್ಲಿ, ಮಠಮಂದಿರಗಳಲ್ಲಿ ದೀಪ ಹಚ್ಚುತ್ತೇವೆ. ಅದೇ ಮಾಸದ ದೀರ್ಘ ಕತ್ತಲೆಯಲ್ಲಿ ಸೇವಂತಿಗೆ ಅರಳುತ್ತದೆ. ಇವೆರಡಕ್ಕೂ ವಿರೋಧವಿಲ್ಲವೆಂದು ಈಗ ತೋರುತ್ತದೆ. ಹಣತೆ ತನಗೆ ಎರೆದ ಎಣ್ಣೆಯಷ್ಟು ಹೊತ್ತು ಉರಿದು ಶಾಂತವಾಗುತ್ತದೆ. ರಾತ್ರಿಯ ಪಾಲನ್ನು ರಾತ್ರಿಗೆ ಬಿಡುತ್ತದೆ. ನಾವು ಉರಿಸಿದ ದೀಪಕ್ಕೆ ಆ ಅಳತೆ ಇರಲಿಲ್ಲ. ದುಃಖವಾದ ಮನೆಗೆ ಬಂದವರು, "ಮರೆಯಿರಿ, ಧೈರ್ಯ ತಂದುಕೊಳ್ಳಿರಿ, ಎಲ್ಲ ಬೆಳಕಾಗುತ್ತದೆ" ಎನ್ನುತ್ತೇವೆ. ನಾವೂ ಎಷ್ಟೋ ಮನೆಗಳಲ್ಲಿ ಹಾಗೆ ಹೇಳಿದವರೇ. ಇನ್ನು ಮುಂದೆ ಹೇಳಲಾರೆವು. ಅಂಥವರ ಪಕ್ಕದಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕತ್ತಲೆಯಲ್ಲಿ ಕುಳಿತುಕೊಳ್ಳುವುದೇ ಮೇಲು.

ಸೇವಂತಿಗೆ ಬೆಳೆಸಬೇಕೆನ್ನುವ ಮನೆಗಳವರು ಮಣ್ಣು, ಗೊಬ್ಬರಗಳ ಜೊತೆಗೆ ಇದೊಂದನ್ನೂ ನೆನಪಿಡಬೇಕು. ಬೀದಿದೀಪದ ನೇರಕ್ಕೆ, ರಾತ್ರಿಯೆಲ್ಲ ಉರಿಯುವ ಬಾಗಿಲ ದೀಪದ ಕೆಳಗೆ ಕುಂಡ ಇಡಬಾರದು. ಹಗಲೆಲ್ಲ ಬಿಸಿಲು, ರಾತ್ರಿಯೆಲ್ಲ ಕತ್ತಲೆ: ಅದಕ್ಕೆ ಎರಡೂ ಬೇಕು.

ಕಳೆದ ಬಾರಿ ಬಂದಾಗ ನಮ್ಮ ಮೊಮ್ಮಗಳು ಅಜ್ಜಿಯ ಗಿಡದ ಒಂದು ಕಂದನ್ನು ಬೆಂಗಳೂರಿಗೆ ಒಯ್ದಳು. ಎಂಟನೆಯ ಮಹಡಿಯ ಬಾಲ್ಕನಿಯಲ್ಲಿ ಸಾಕಿದಳು. ಹೂವೇ ಬರಲಿಲ್ಲವೆಂದು ಫೋನಿನಲ್ಲಿ ಅಳುಮೋರೆ ಮಾಡಿದಾಗ, "ಅಲ್ಲಿ ರಾತ್ರಿ ಬೆಳಕೆಷ್ಟು, ಮಗು?" ಎಂದು ಕೇಳಿದೆವು. "ತಾತ, ಎದುರಿನ ಕಟ್ಟಡದ ದೀಪ ಆರುವುದೇ ಇಲ್ಲ" ಎಂದಳು. ದಿನಾಲೂ ಸಂಜೆ ಆರು ಗಂಟೆಗೆ ರಟ್ಟಿನ ಪೆಟ್ಟಿಗೆಯೊಂದನ್ನು ಕುಂಡದ ಮೇಲೆ ಮಗುಚಿ, ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಡುವಾಗ ತೆಗೆಯಲು ಹೇಳಿದೆವು. ಐದು ವಾರಗಳ ನಂತರ ಒಂದು ಬೆಳಿಗ್ಗೆ ನಾವು ಪೂಜೆಗೆ ಕೂಡುವ ಮುನ್ನವೇ ಫೋನ್ ಬಂತು.

"ತಾತ, ಮೆಣಸುಕಾಳಿನಷ್ಟು ಇದೆ. ಮೂರು!"